ತಗಡಿನ ಆಚೆ ಪಾರುಬಾಯಿ

“ಜ್ಞಾನುದಾದಾ, ಡ್ರೈವರ್ ಸೀಟಿನ್ಯಾಗ ನೀವ ಕುಂತು ನೋಡ್ರಿ,” ಎಂದರು ರಸ್ತೆ ಇಲಾಖೆಯ ಓವರ್‌ಸಿಯರ್, ನಿಂತಿದ್ದ ಕಬ್ಬಿನ ಲಾರಿಯ ಬಾಗಿಲು ತೆರೆದು.

ಗಡಹಿಂಗ್ಲಜದ ದೊಡ್ಡ ರಸ್ತೆಯಲ್ಲಿ ಏನೇನು ಬದಲಾಗಬೇಕೆಂದು ಓಣಿಯವರನ್ನೇ ಕೇಳಲು ಅವರು ಬಂದಿದ್ದರು. ಎಂಬತ್ತೆರಡರ ಆ ಸುಗ್ಗಿಯಲ್ಲಿ, ತಿರುವಿನ ಬಳಿ ನೀರಿಗೆ ಹೊರಟಿದ್ದ ಇಬ್ಬರು ಹೆಂಗಸರು ಲಾರಿಗೆ ಸಿಕ್ಕಿದ್ದರು. ಸೈಕಲ್ ರಿಪೇರಿಯ ಜ್ಞಾನುವಿನ ತಗಡಿನ ಶೆಡ್ಡೇ ಡ್ರೈವರನ ಕಣ್ಣಿಗೆ ಅಡ್ಡ ಎಂದು ಎಲ್ಲರೂ ಅದರತ್ತ ಬೊಟ್ಟು ಮಾಡಿದ್ದರು. “ನನ್ನ ಶೆಡ್ಡೇನ್ ಮಾಡೈತ್ರಿ? ತಪ್ಪು ಡ್ರೈವರಂದು!” ಎಂದು ಅವನು ಕೂಗಾಡಿದ್ದ. ಹನ್ನೆರಡು ವರ್ಷ ಮನೆಗೆ ಅನ್ನ ಹಾಕಿದ ಶೆಡ್ಡು ಅದು.

ಅವನು ಹತ್ತಿ ಕುಳಿತ. ಓವರ್‌ಸಿಯರ್ ಹೇಳಿದಂತೆ ಅವನ ಹೆಂಡತಿ ಪಾರುಬಾಯಿ ಕೊಡ ಹಿಡಿದು ತಿರುವಿನತ್ತ ನಡೆದಳು. ಅವನಿಗೆ ಕಂಡದ್ದು ಬರೀ ತಗಡು.

“ಪಾರೂ, ಎಲ್ಲಿ ಅದೀ?”

“ರಸ್ತಾದ ಅಂಚಿಗೇ ನಿಂತೇನ್ರಿ.”

“ಕಾಣವಲ್ಲಿ! ಮುಂದ ಬಾ.”

“ಇನ್ನೊಂದು ಹೆಜ್ಜಿ ಇಟ್ರ ನಡುರಸ್ತಾಕ್ಕ ಬರ್ತೇನ್ರಿ.”

ನಿಂತ ಲಾರಿಯಲ್ಲೇ ಜ್ಞಾನುವಿನ ಕಾಲು ಬ್ರೇಕನ್ನು ಬಲವಾಗಿ ತುಳಿಯಿತು. “ಬ್ಯಾಡ! ಅಲ್ಲೇ ನಿಲ್ಲು!” ಎಂದು ಚೀರಿದ. ಜ್ಞಾನು ಕೆಳಗಿಳಿದು, ಯಾರ ಮುಖವನ್ನೂ ನೋಡದೆ ಶೆಡ್ಡಿನೊಳಗಿಂದ ಪಾನಾ ತಂದು, ತಗಡಿನ ಮೊದಲ ನಟ್ಟನ್ನು ಬಿಚ್ಚತೊಡಗಿದ.