ಎಂಟನೆಯ ಸ್ಟಡ್

“ನಿಲ್ಸಿ,” ಎಂದ ಮೇಸ್ತ್ರಿ. ಅಷ್ಟರಲ್ಲಿ ಟಕ್ ಎಂದಿತು. ತೂತಿನಲ್ಲಿ ಮುರಿದುಕೊಂಡಿದ್ದ ಸ್ಟಡ್ ಬೋಲ್ಟನ್ನು ಕಚ್ಚಿ ಎಳೆಯಬೇಕಿದ್ದ ಎಕ್ಸ್‌ಟ್ರಾಕ್ಟರ್ ತಾನೇ ಅದರೊಳಗೆ ಮುರಿದು ಕುಳಿತಿತ್ತು. ಇನ್ನು ಯಾರಪ್ಪ ಬಂದರೂ ಅದು ಹೊರಬರುವಂತಿರಲಿಲ್ಲ.

ಗುಜರಿಗೆ ಹೋಗಬೇಕಿದ್ದ ಕಾರಿನ ಎಂಜಿನ್ ಅದು. ಶಿಷ್ಯನ ಅಭ್ಯಾಸಕ್ಕೆಂದು ಮೇಸ್ತ್ರಿಯೇ ಅದರ ಎಂಟು ಸ್ಟಡ್‌ಗಳ ಕತ್ತು ಮುರಿದಿಟ್ಟಿದ್ದ. ವಾರದಲ್ಲಿ ಏಳು ಮುಗಿದಿದ್ದವು. ಮೂರು ಬಂದಿದ್ದವು, ನಾಲ್ಕು ಕೆಟ್ಟಿದ್ದವು.

ನಿಜವಾದ ಕೆಲಸ ನಾಳೆ ಬೆಳಿಗ್ಗೆ ಎಂಟಕ್ಕೆ. ಯಾವನೋ ಅವಸರದಲ್ಲಿ ತಿರುಗಿಸಿ ಮುರಿದು ಹಾಕಿದ್ದು. ಒಳಗೇ ಬಿಟ್ಟರೆ ಸುತ್ತಲಿನದೂ ಕೆಡುತ್ತಾ ಹೋಗುತ್ತದೆ. ನೋಡಿದ ಇನ್ನಿಬ್ಬರು, “ಇದು ಬರೋದಲ್ಲ, ಕತ್ತರಿಸಿಬಿಡೋದೇ ಸರಿ,” ಎಂದು ಜಾರಿಕೊಂಡಿದ್ದರು. ಕತ್ತರಿಸಿದ ಮೇಲೆ ಬದಲಿ ಭಾಗ ಎಲ್ಲಿಯೂ ಸಿಗುವುದಿಲ್ಲ. ಆ ಮಾತು ಕೇಳಿದ ದಿನದಿಂದ ಮೇಸ್ತ್ರಿ ಬೇರೆ ಕೆಲಸ ಮುಟ್ಟಿರಲಿಲ್ಲ.

ಶಿಷ್ಯನಿಗೆ ನಲವತ್ತು ದಾಟಿತ್ತು. ಇಸ್ತ್ರಿ ಮಾಡಿದ ಅಂಗಿ, ದಪ್ಪ ಕನ್ನಡಕ. ಕೆಲಸಕ್ಕೆ ಮೊದಲು ಮೊಣಕೈವರೆಗೆ ಕೈ ತೊಳೆಯುವ ಚಾಳಿ ಬೇರೆ. ಗ್ಯಾರೇಜಿನ ಎರಡು ಸೋಪು ಇವನೊಬ್ಬನಿಗೇ ಸವೆದಿದ್ದವು. ಊರಿಗೆಲ್ಲ ಏಕವಚನದಲ್ಲಿ ಬೈಯುವ ಮೇಸ್ತ್ರಿ ಇವನನ್ನು ಮಾತ್ರ ಬಹುವಚನದಲ್ಲಿ ಬೈಯುತ್ತಿದ್ದ.

“ಬೆಂಕಿ ತೋರಿಸೋ ಹಾಗಿಲ್ಲ, ಸುತ್ತಿಗೆ ಮುಟ್ಟೋ ಹಾಗಿಲ್ಲ, ಎಣ್ಣೆ ಬಿಡೋ ಹಾಗಿಲ್ಲ,” ಎಂದು ಗೊಣಗಿದ ಮೇಸ್ತ್ರಿ. “ಇದ್ಯಾವ ಸೀಮೆ ಕೆಲಸ ಅಂತೀನಿ.”

“ಅಲ್ಲಿ ಅದ್ಯಾವುದೂ ನಡೆಯಲ್ಲ, ಮೇಸ್ತ್ರಿ. ನಿಮ್ಮ ಕೈ ನನಗೆ ಇದ್ದಿದ್ರೆ ಚೆನ್ನಾಗಿತ್ತು.”

“ನನ್ನ ಕೈ ತಗೊಂಡು ಏನ್ಮಾಡೋದು. ನಾಳೆ ಆ ಬಾಗಿಲ ಒಳಗೆ ನನ್ನನ್ನ ಬಿಡಲ್ವಲ್ಲ.”

ಮೂವತ್ತು ವರ್ಷಗಳಲ್ಲಿ ಸಾವಿರ ಸ್ಟಡ್ ಕಿತ್ತ ಕೈ ಅದು. ಬೇಕಾದ ಒಂದೇ ಒಂದನ್ನು ಅದು ಮುಟ್ಟುವಂತಿರಲಿಲ್ಲ.

ಊಟದ ಡಬ್ಬಿ ಹಿಡಿದು ಮೇಸ್ತ್ರಿಯ ಹೆಂಡತಿ ಬಂದಳು. ಮೊದಲೆಲ್ಲ ಮಗಳು ಮೆಟ್ಟಿಲು ಹಾರಿಕೊಂಡು ತರುತ್ತಿದ್ದ ಡಬ್ಬಿ. ನಾಲ್ಕು ತಿಂಗಳಿಂದ ಹೆಂಡತಿಯದೇ ಓಡಾಟ. ಅವಳು ಎಂಜಿನ್ನಿನತ್ತ ತಿರುಗಿಯೂ ನೋಡಲಿಲ್ಲ. ಶಿಷ್ಯನ ಕೈಗಳನ್ನೇ ನೋಡಿದಳು.

“ರೀ, ಆಗುತ್ತಾ?”

“ಆಗ್ಲೇಬೇಕು. ನೀನು ಮನೆಗೆ ಹೋಗು, ಅವಳೊಬ್ಬಳೇ ಇದಾಳೆ.”

ಉಳಿದದ್ದು ಒಂದೇ. ಶಿಷ್ಯ ಮತ್ತೆ ಕೈ ತೊಳೆದು ಬಂದ. ಎಂಜಿನ್ನಿನ ಮೇಲೆ ಶುಭ್ರ ಬಟ್ಟೆ ಹಾಸಿ, ಆ ಒಂದು ತೂತಿನಷ್ಟು ಮಾತ್ರ ಜಾಗ ಬಿಟ್ಟ. ತಲೆ ಎತ್ತದೆ ಕೈ ಚಾಚಿದ. ಮೇಸ್ತ್ರಿ ಡ್ರಿಲ್ ಕೊಟ್ಟ. ಬಿಸಿಯಾಗದಂತೆ ನೀರು ಹನಿಸುತ್ತ ಸ್ಟಡ್ಡಿನ ನಡುವೆ ಕೊರೆದದ್ದಾಯಿತು. ಎದ್ದ ಚೂರುಗಳನ್ನೆಲ್ಲ ಶಿಷ್ಯ ಒಂದೊಂದಾಗಿ ಹೆಕ್ಕಿದ. ಎಕ್ಸ್‌ಟ್ರಾಕ್ಟರ್ ಇಳಿಸಿ ಎಡಕ್ಕೆ ತಿರುಗಿಸಿದ. ಅಲುಗಲಿಲ್ಲ. ಅವನ ಮಣಿಕಟ್ಟು ಬಿಗಿಯಾಯಿತು.

“ಜೋರು ಮಾಡ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಜೋರು ಮಾಡ್ಬೇಡಿ,” ಮೇಸ್ತ್ರಿಯ ದನಿ ಒಡೆಯಿತು. “ಕೂದಲೆಳೆಯಷ್ಟು ಬಲಕ್ಕೆ ಬನ್ನಿ. ಈಗ ಎಡಕ್ಕೆ. ಮತ್ತೆ ಬಲಕ್ಕೆ. ಬರೋಕೆ ಮೊದಲು ಅದು ಬೆರಳಿಗೆ ಹೇಳುತ್ತೆ. ಕಾಯಿರಿ.”

ಶಿಷ್ಯ ಕಣ್ಣು ಮುಚ್ಚಿ ಕಾದ.

“ಹೇಳ್ತು,” ಎಂದ ಶಿಷ್ಯ.

ಸ್ಟಡ್ ಕಾಲು ಸುತ್ತು ತಿರುಗಿತು, ಅರ್ಧ ತಿರುಗಿತು, ಆಮೇಲೆ ಸಲೀಸಾಗಿ ಎದ್ದು ಬಂತು. ತೂತಿನೊಳಗಿನ ಥ್ರೆಡ್ಡಿನ ಒಂದು ಸುತ್ತೂ ಕೆಟ್ಟಿರಲಿಲ್ಲ. ಮೇಸ್ತ್ರಿ ಗ್ರೀಸ್ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಶಿಷ್ಯ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು, ಕಿತ್ತ ಸ್ಟಡ್ಡನ್ನು ಅವನ ಅಂಗೈಯಲ್ಲಿಟ್ಟ.

“ರಾತ್ರಿ ಹತ್ತರ ಮೇಲೆ ಮಗಳಿಗೆ ನೀರೂ ಕೊಡಬೇಡಿ, ಮೇಸ್ತ್ರಿ. ಅವಳ ತೊಡೆಮೂಳೆಯಲ್ಲಿ ಮುರಿದಿರೋ ಸ್ಕ್ರೂನ ನಾಳೆ ಆಪರೇಷನ್ನಲ್ಲಿ ಹೀಗೇ ತೆಗೀತೀನಿ.”