ರಾಯವ್ವನ ಕಾಲಪಟ್ಟಿ

“ಅಯ್ಯ ಶಿವನ! ಕಾಲ ಬಿಡ್ರಿ!”

ರಾಯವ್ವ ಬಾತ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಹಾಸಿಗೆಯ ಪಕ್ಕ ಕೂತಿದ್ದ ಗಂಡ ಉಳವಪ್ಪನ ಕೈಯಲ್ಲಿ ಪಟ್ಟಿಯ ಸುರುಳಿ ಹಾಗೇ ಉಳಿಯಿತು.

ಅದನ್ನು ಅವನೇ ನೇಯ್ದಿದ್ದ. ರಾಮದುರ್ಗದಲ್ಲಿ ಅವನ ಸೀರೆಗಳಿಗೆ ಹೆಸರಿತ್ತು, ಆದರೆ ಇಷ್ಟು ಮನಸ್ಸಿಟ್ಟು ಅವನು ಯಾವ ಸೀರೆಯನ್ನೂ ನೇಯ್ದವನಲ್ಲ. ಚಕ್ಕಡಿ ಹೂಡಿಕೊಂಡು ಸವದತ್ತಿಯ ದವಾಖಾನೆಗೆ ಹೋದಾಗ, ರಾಯವ್ವನ ಮೀನಖಂಡದಲ್ಲಿ ಗಂಟುಗಂಟಾಗಿ ಎದ್ದ ನರಗಳನ್ನು ನೋಡಿ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಬೆಳಿಗ್ಗೆ ಕಾಲು ನೆಲಕ್ಕೆ ಊರುವ ಮೊದಲೇ ಬೆರಳ ಬುಡದಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತಬೇಕು. ಮೇಲೆ ಬಿಗಿದು ಕೆಳಗೆ ಬಿಟ್ಟರೆ ಸುತ್ತದಿರುವುದಕ್ಕಿಂತ ಕೆಟ್ಟದ್ದು. ನರ ಒಡೆದರೆ ತಕ್ಷಣ ಕಾಲೆತ್ತಿ ಅದುಮಿ ಹಿಡಿಯಬೇಕು, ಇಲ್ಲವಾದರೆ ಜೀವಕ್ಕೇ ಸಂಚಕಾರ.

ರಾಯವ್ವನ ಸೊಂಟ ಬಗ್ಗದು. ಇಷ್ಟು ದಿನ ಪಕ್ಕದ ಮನೆಯ ಲಗಮವ್ವ ಬಂದು ಸುತ್ತಿಕೊಡುತ್ತಿದ್ದಳು, ಬಾವೂ ಇಳಿದಿತ್ತು. ಈಗ ಆಕೆ ಮಗಳ ಬಾಣಂತನಕ್ಕೆಂದು ಕಟಕೋಳಕ್ಕೆ ಹೋಗಿ ಕೂತಿದ್ದಳು. ಇದ್ದೊಬ್ಬ ಮಗನನ್ನು ಪ್ಲೇಗು ಒಯ್ದ ಮೇಲೆ ಈ ಮನೆಯಲ್ಲಿ ಉಳಿದವರು ಇವರಿಬ್ಬರೇ.

“ನಾ ಸುತ್ತಿದ್ರ ಏನಾಗತೈತಿ? ಡಾಕ್ಟರ ಹೇಳಿದ್ದು ಕೇಳಿಲ್ಲೇನ?”

“ಲಗಮವ್ವ ಬರೂತನಕ ತಡೀರಿ. ಗಂಡನ ಕೈಲೆ ಕಾಲ ಹಿಡಿಸ್ಕೊಂಡು ನಾ ಯಾವ ಪಾಪಕ್ಕ ಹೋಗ್ಲಿ?”

“ಯಾರ ನೋಡತಾರ ಇಲ್ಲೆ?”

“ನಾ ನೋಡತೇನಲ್ರೀ!”

ಉಳವಪ್ಪನಿಗೆ ನಗುವೂ ಬಂತು, ಸಿಟ್ಟೂ ಬಂತು. ಮುದುಕಿಯ ಹಠ ಅಂದರೆ ಹಠ. “ಹಾಳಾಗಿ ಹೋಗ” ಎಂದು ಪಟ್ಟಿಯನ್ನು ಅವಳ ಮಡಿಲಿಗೆ ಎಸೆದು ಮಗ್ಗದ ಕುಣಿಗೆ ಇಳಿದ.

ಲಾಳಿಯ ಸದ್ದಿನಲ್ಲಿ ಬೇರೇನೂ ಕೇಳಿಸುವಂತಿರಲಿಲ್ಲ. ಸಿಟ್ಟು ತಣ್ಣಗಾಗಿ ಹಸಿವೆಯಾದಾಗ, “ರೊಟ್ಟಿ ಆತೇನ ರಾಯವ್ವ?” ಎಂದು ಕೂಗಿದ. ಮತ್ತೊಮ್ಮೆ ಕೂಗಿ ಕುಣಿಯಿಂದ ಮೇಲೆ ಬಂದ. ಒಳಗೆ ಹೋದರೆ ಹಂಚಿನ ಮೇಲೆ ರೊಟ್ಟಿ ಕರಕಲಾಗಿತ್ತು. ರಾಯವ್ವ ಗೋಡೆಗೆ ಒರಗಿ ಕೂತಿದ್ದಳು. ಪಾಪ, ಗಂಡನ ಮಾತು ತೆಗೆದುಹಾಕಬಾರದೆಂದು ಪಟ್ಟಿಯನ್ನು ತಾನೇ, ಕೈಗೆ ಎಟುಕಿದಷ್ಟು, ಮೊಣಕಾಲಿನ ಕೆಳಗೆ ಮಾತ್ರ ಬಿಗಿದುಕೊಂಡಿದ್ದಳು. ಅದರ ಕೆಳಗೆ ನರ ಒಡೆದು ರಕ್ತ ಒಲೆಯ ಬೂದಿಯವರೆಗೂ ಹರಿದಿತ್ತು.

“ಅಯ್ಯಯ್ಯೋ, ಒಂದ ಸಲ ಕರೀಬಾರದಿತ್ತೇನ!”

ಅವನು ಪಟ್ಟಿ ಬಿಚ್ಚಿ, ಆ ಕಾಲನ್ನು ಎತ್ತಿ ತನ್ನ ಹೆಗಲಿಗೆ ಆನಿಸಿಕೊಂಡು ಗಾಯವನ್ನು ಅದುಮಿ ಹಿಡಿದ. ರಕ್ತ ನಿಂತಿತು. ಬೆರಳ ಬುಡದಿಂದ ಮೇಲಕ್ಕೆ ಪಟ್ಟಿ ಸುತ್ತತೊಡಗಿದ.

“ನಿಂತತಿ ನೋಡ, ರಕ್ತ ನಿಂತತಿ. ಬೇಕಾದ್ರ ಬೈ ನನಗ. ಬೈ ರಾಯವ್ವ,” ಎಂದು ಗೋಗರೆದ.

ಪಟ್ಟಿ ಮೊಣಕಾಲಿಗೆ ಬಂದು ಮುಟ್ಟಿತು. ಉಳವಪ್ಪ ತಟ್ಟನೆ ತಲೆಯೆತ್ತಿ ಅವಳ ಮುಖ ನೋಡಿದ. ಇಷ್ಟು ಹೊತ್ತಾದರೂ ರಾಯವ್ವ ಕಾಲು ಎಳೆದುಕೊಂಡಿರಲಿಲ್ಲ.