ಹನ್ನೊಂದೂವರೆಗೆ ಸರಿ ಇದ್ದರು

"ಕೊನೇ ಸಲ ಇವರು ಸರಿಯಾಗಿದ್ದದ್ದನ್ನ ಯಾರು ನೋಡಿದ್ದು? ಆಗ ಗಂಟೆ ಎಷ್ಟು?" ಡಾಕ್ಟರ್ ಸೆಲ್ಬಿ ಮೂರನೇ ಸಲ ಕೇಳಿದರು. ಸ್ಟ್ರೆಚರ್ ಮೇಲೆ ನೂರ್‌ಗೆಲ್ದಿ ಆಗಾ ಮಲಗಿದ್ದರು. ಬಾಯಿ ಎಡಕ್ಕೆ ಎಳೆದುಕೊಂಡಿತ್ತು, ಬಲಗೈ ಜೋತುಬಿದ್ದಿತ್ತು. ಅಶ್ಗಾಬಾತಿನ ಆ ಆಸ್ಪತ್ರೆಯ ಗೋಡೆ ಗಡಿಯಾರ ಮಧ್ಯಾಹ್ನ ಎರಡು ತೋರಿಸುತ್ತಿತ್ತು.

"ಹೇಳಿದ್ನಲ್ಲಮ್ಮ, ಬೆಳಗಿನ ಜಾವ ಐದಕ್ಕೆ ನಮಾಜು ಮಾಡಿದ್ರು, ಚಹಾ ಕುಡಿದು ಮತ್ತೆ ಮಲಗಿದ್ರು. ನಾನು ಬಜಾರಿಗೆ ಹೋದೆ. ಹನ್ನೆರಡೂವರೆಗೆ ಬಂದು ನೋಡಿದ್ರೆ ನೆಲದ ಮೇಲೆ ಬಿದ್ದಿದ್ರು" ಎಂದರು ಹೆಂಡತಿ ಒಗುಲ್‌ಗೆರೆಕ್.

"ಮನೇಲಿ ಬೇರೆ ಯಾರೂ ಇರ್ಲಿಲ್ವಾ?"

"ಇವಳಿದ್ಲು, ಸೊಸೆ. ಮಗ ಲಾರಿ ತಗೊಂಡು ಗಡಿಯಾಚೆ ಹೋಗಿದ್ದಾನೆ. ಇವಳನ್ನ ಕೇಳಿ ಏನುಪಯೋಗ? ಮಾವನ ಮುಂದೆ ಬಾಯಿ ಬಿಡೋಳಲ್ಲ, ನನ್ನ ಮುಂದೆಯೂ ಬಿಡೋಳಲ್ಲ. ಮೂರು ವರ್ಷ ಆಯ್ತು, ಇವಳ ದನಿ ಹೇಗಿದೆ ಅಂತ ನಂಗೇ ಗೊತ್ತಿಲ್ಲ." ಅದು ದೂರಲ್ಲ, ಮುದುಕಿ ಹೆಮ್ಮೆಯಿಂದಲೇ ಹೇಳಿದ್ದು. ಅವರ ಬೆನ್ನ ಹಿಂದೆ ಮಾಯ್ಸಾ ತಲೆವಸ್ತ್ರದ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು. ಅಂಚು ಹಲ್ಲಿನಲ್ಲಿ ಇರುವಷ್ಟು ಹೊತ್ತು ಸೊಸೆ ಮಾತಾಡುವ ಹಾಗಿಲ್ಲ ಎಂಬುದು ಅಲ್ಲಿನ ಪದ್ಧತಿ.

ಸೆಲ್ಬಿ ಉಸಿರು ಬಿಟ್ಟರು. "ಮಿದುಳಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಅಮ್ಮ. ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ ಅದನ್ನ ಎಳೆದು ತೆಗೀಬಹುದು. ಆದ್ರೆ ಐದು ಗಂಟೆಯಿಂದ ಲೆಕ್ಕ ಹಾಕಿದ್ರೆ ಒಂಬತ್ತು ತಾಸಾಯ್ತು. ಆರು ತಾಸು ದಾಟಿದ ಮೇಲೆ ದಾರಿ ಬಿಡಿಸಿದ್ರೆ, ಸತ್ತುಹೋದ ಜಾಗಕ್ಕೆ ರಕ್ತ ನುಗ್ಗಿ ತಲೆಯೊಳಗೇ ಸೋರಬಹುದು. ಎಷ್ಟು ಸತ್ತಿದೆ, ಎಷ್ಟು ಉಳಿದಿದೆ ಅಂತ ತೋರಿಸೋ ಯಂತ್ರ ನಮ್ಮಲ್ಲಿಲ್ಲ. ನಾನು ಕೈ ಹಾಕೋಲ್ಲ."

"ಹಾಗಾದ್ರೆ?"

"ಜೀವ ಉಳಿದ್ರೂ ಹೀಗೇ ಉಳೀತಾರೆ. ಮಾತಿಲ್ಲ, ಬಲಗೈ ಇಲ್ಲ."

ವಾರ್ಡಿಗೆ ಕರೆದೊಯ್ಯಿರಿ ಎಂದು ನರ್ಸಿಗೆ ಕೈಸನ್ನೆ ಮಾಡಿ ಸೆಲ್ಬಿ ತಿರುಗಿಕೊಂಡರು. ಸ್ಟ್ರೆಚರಿನ ಗಾಲಿ ಹೊರಳಿತು.

"ಹನ್ನೊಂದೂವರೆಗೆ ಸರಿ ಇದ್ರು!"

ದನಿ ಗಟ್ಟಿಯಾಗಿತ್ತು, ಸ್ವಲ್ಪ ಒರಟೂ ಆಗಿತ್ತು. ಒಗುಲ್‌ಗೆರೆಕ್ ಮೊದಲು ನರ್ಸನ್ನು ನೋಡಿದರು, ಆಮೇಲೆ ಸೊಸೆಯನ್ನು. ಮಾಯ್ಸಾಳ ಬಾಯಿಂದ ವಸ್ತ್ರ ಜಾರಿತ್ತು.

"ಸರಿ ಇದ್ರು ಅಂತ ನಿಂಗೆ ಹೇಗೆ ಗೊತ್ತು?" ಸೆಲ್ಬಿ ಹತ್ತಿರ ಬಂದರು. "ಮಲಗಿದ್ದವರನ್ನ ನೋಡಿದ್ದು ಲೆಕ್ಕಕ್ಕಿಲ್ಲ."

"ಮಲಗಿರ್ಲಿಲ್ಲ. ಚದುರಂಗ ಆಡ್ತಿದ್ರು. ನನ್ನ ಆನೆ ಹೊಡೆದು ನಕ್ಕರು."

"ಯಾವ ಕೈಯಲ್ಲಿ ಹೊಡೆದ್ರು?"

"ಬಲಗೈಯಲ್ಲೇ. ನಿಂಗೆ ಬುದ್ಧಿ ಬರೋಷ್ಟರಲ್ಲಿ ನಂಗೆ ಗೋರಿ ಕಟ್ಟಿರ್ತಾರೆ ಅಂದ್ರು. ಮಾತು ಚೆನ್ನಾಗೇ ಇತ್ತು."

"ಗಂಟೆ ಖಚಿತವಾ?"

"ಹನ್ನೊಂದೂವರೆಗೆ ನಾನು ಎದ್ದು ರೊಟ್ಟಿ ತಟ್ಟೋಕೆ ಹಿತ್ತಲ ಒಲೆ ಹತ್ರ ಹೋಗ್ಬೇಕು. ಅತ್ತೆ ಬರೋದ್ರೊಳಗೆ ಮುಗೀಬೇಕಲ್ಲ. ಅದಕ್ಕೆ ದಿನಾ ಗಡಿಯಾರ ನೋಡ್ಕೊಂಡೇ ಆಡ್ತೀವಿ."

"ದಿನಾ?" ಎಂದರು ಒಗುಲ್‌ಗೆರೆಕ್. "ಇವರ ಜೊತೆ ನೀನು ಮಾತೂ ಆಡ್ತೀಯಾ?"

"ಅತ್ತೆ, ಚೆಕ್ ಅಂತ ಬಾಯಿಬಿಟ್ಟು ಹೇಳದಿದ್ರೆ ಆ ನಡೆ ಲೆಕ್ಕಕ್ಕಿಲ್ಲ ಅಂತಾರೆ ಮಾವ. ಅಲ್ಲಿಂದ ಶುರುವಾಯ್ತು."

ಸೆಲ್ಬಿಗೆ ಇದ್ಯಾವುದೂ ಕೇಳಿಸಲಿಲ್ಲ. ಎರಡೂವರೆ ತಾಸು ಎಂದು ಕೂಗಿ ಅವರಾಗಲೇ ಸ್ಟ್ರೆಚರ್ ಹಿಡಿದು ಓಡುತ್ತಿದ್ದರು.

ಅತ್ತೆ ಸೊಸೆ ಬೆಂಚಿನ ಮೇಲೆ ಕುಳಿತರು. ಮಾಯ್ಸಾ ವಸ್ತ್ರವನ್ನು ಮತ್ತೆ ಬಾಯಿಗೆ ಎಳೆದುಕೊಂಡಳು. ಮಾವ ಉಳಿಯದಿದ್ದರೆ, ಆಸ್ಪತ್ರೆಯಲ್ಲಿ ನಾಲ್ಕು ಜನರೆದುರು ನಾಲಗೆ ಹರಿಬಿಟ್ಟವಳು ಎಂಬ ಹೆಸರಷ್ಟೇ ತನಗೆ ಉಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಭಯವಾಯಿತು. ನಾಚಿಕೆ ಮಾತ್ರ ಆಗಲಿಲ್ಲ, ಅದಕ್ಕೇ ಇನ್ನಷ್ಟು ಭಯವಾಯಿತು. ಒಗುಲ್‌ಗೆರೆಕ್ ಎದುರಿನ ಗೋಡೆಯನ್ನೇ ನೋಡುತ್ತಿದ್ದರು.

ಒಂದು ತಾಸು ಕಳೆದ ಮೇಲೆ ಸೆಲ್ಬಿ ಹೊರಗೆ ಬಂದರು. ಕೈಯಲ್ಲಿದ್ದ ಬಿಳಿ ಬಟ್ಟೆಯ ತುಂಡಿನ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಕಪ್ಪು ಚೂರಿತ್ತು. "ಇಷ್ಟೇ. ಒಂದೇ ಸಲಕ್ಕೆ ಬಂತು. ಬೆರಳು ಮಡಚ್ತಿದ್ದಾರೆ. ನಂಗೆ ಬೈದ್ರು ಕೂಡ. ಮಾತು ತೊದಲುತ್ತೆ, ಆದ್ರೆ ಬೈಗುಳ ಅಂತ ಗೊತ್ತಾಗುತ್ತೆ." ಮಾಯ್ಸಾ ಬಿಕ್ಕಿದಳು. ಇನ್ನು ಸ್ವಲ್ಪ ಹೊತ್ತಿಗೆ ಒಳಗೆ ಬಿಡುತ್ತೇವೆ ಎಂದು ಹೇಳಿ ಸೆಲ್ಬಿ ಹೋದರು.

ಒಗುಲ್‌ಗೆರೆಕ್ ಸೊಸೆಯ ಬಾಯಿಂದ ವಸ್ತ್ರ ಎಳೆದು ಅವಳ ಹೆಗಲ ಮೇಲೆ ಹಾಕಿದರು.

"ನಾನು ಮದುವೆಯಾಗಿ ಬಂದ ಎರಡನೇ ವರ್ಷ" ಎಂದರು. "ನನ್ನ ಮಾವ ಜಗಲಿ ಮೇಲೆ ಚಹಾ ಕುಡೀತಿದ್ರು. ಬಟ್ಟಲು ಕೈಯಿಂದ ಜಾರಿತು, ಬಾಯಿ ಸೊಟ್ಟಗಾಯ್ತು. ಬೆಳಿಗ್ಗೆ ಹತ್ತು ಗಂಟೆ. ಮನೇಲಿ ನಾನೊಬ್ಳೇ. ಪಕ್ಕದ ಮನೇಲಿ ಭಾವನವರು ಇದ್ರು. ಅವರ ಮುಂದೆಯೂ ಮಾತಾಡೋ ಹಾಗಿರ್ಲಿಲ್ಲ."

"ಏನ್ ಮಾಡಿದ್ರಿ ಅತ್ತೆ?"

"ಬಟ್ಟಲು ಎತ್ತಿಟ್ಟೆ. ಚೆಲ್ಲಿದ್ದು ಒರೆಸಿದೆ. ಅವರ ಪಕ್ಕದಲ್ಲೇ ನಿಂತಿದ್ದೆ. ಸಂಜೆ ನನ್ನ ಗಂಡ ಬರೋವರೆಗೂ ನಿಂತೇ ಇದ್ದೆ. ರಾತ್ರಿಗೆ ಮಾವ ಹೋದ್ರು." ಒಗುಲ್‌ಗೆರೆಕ್ ಸೊಸೆಯ ಮುಖ ನೋಡಿದರು. "ಮಣ್ಣಿಗೆ ಬಂದವರೆಲ್ಲ ನನ್ನ ಹೊಗಳಿದ್ರು ಕಣೇ. ಇಂಥ ಹೊತ್ತಲ್ಲೂ ಬಾಯಿ ಬಿಡಲಿಲ್ಲ, ಸೊಸೆ ಅಂದ್ರೆ ಹೀಗಿರ್ಬೇಕು ಅಂತ."